ಸಂಪಿನ ಲೀಟರ್ ಬಿಡಿ, ಖಾಲಿ ಜಾಗ ಎಷ್ಟು ಹೇಳಿ

(ಭಾಗ 1)

ರೀಫ್ ಟ್ಯಾಂಕಿಗೆ ರೆಡಿಮೇಡ್ ಸಂಪ್ ಯಾವುದು ತಗೊಳ್ಳೋದು ಅಂತ ಡಿಎಂನಲ್ಲಿ ಕೇಳೋರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಇಲ್ಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಭಾಗ ಭಾಗವಾಗಿ ಹಾಕ್ತೀನಿ, ಸೇವ್ ಮಾಡಿಟ್ಕೊಳ್ಳಿ.

ನಾನು ಹೇಳೋದು ಇಷ್ಟೇ. ಸಂಪಿನಲ್ಲಿ ಎಷ್ಟು ನೀರು ಹಿಡಿಯುತ್ತೆ ಅನ್ನೋದನ್ನ ನೋಡಿ ಕೊಳ್ಳಬೇಡಿ. ಪಂಪ್ ಓಡ್ತಾ ಇರೋವಾಗ ಅದರಲ್ಲಿ ಎಷ್ಟು ಜಾಗ ಖಾಲಿ ಉಳಿಯುತ್ತೆ ಅನ್ನೋದನ್ನ ನೋಡಿ ಕೊಳ್ಳಿ. ಸಿಟಿಯಲ್ಲಿ ಇರೋರಿಗೆ ಇದು ಹತ್ತರಲ್ಲಿ ಒಂದು ವಿಷಯ ಇರಬಹುದು. ಮಲೆನಾಡಿನಲ್ಲಿ ಮೊದಲನೇ ವಿಷಯ ಇದೇ, ಉಳಿದದ್ದೆಲ್ಲ ಆಮೇಲೆ.

ಹೊಸಬರಿಗೆ ಒಂದು ಮಾತು. ನಮ್ಮ ಕಡೆ ಸಂಪ್ ಅಂದ್ರೆ ಅಂಗಳದಲ್ಲಿ ಹೂತಿರೋ ಸಿಮೆಂಟ್ ತೊಟ್ಟಿ. "ಸಂಪ್ ತರಿಸ್ತಿದೀನಿ" ಅಂದಾಗ ಅಜ್ಜಿ ಕೇಳಿದ್ದು, "ಬಾವಿ ಇರೋವಾಗ ಮತ್ತೆಂತಕ್ಕೆ ಗುಂಡಿ?" ಇದು ಆ ಸಂಪ್ ಅಲ್ಲ. ಮೀನು, ಕೋರಲ್ ಇರೋ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನೊಳಗೆ ಇಡೋ ಇನ್ನೊಂದು ತೊಟ್ಟಿ. ಮೇಲಿನ ಟ್ಯಾಂಕಿನ ನೀರು ಓವರ್‌ಫ್ಲೋ ಪೈಪಿನಲ್ಲಿ ತಾನಾಗೇ ಇಳಿದು ಇಲ್ಲಿಗೆ ಬರುತ್ತೆ. ಇಲ್ಲಿ ಸೋಸಿಕೊಂಡು, ಪ್ರೊಟೀನ್ ಸ್ಕಿಮ್ಮರ್ ದಾಟಿ, ರಿಟರ್ನ್ ಪಂಪ್ ಮೂಲಕ ಮತ್ತೆ ಮೇಲಕ್ಕೆ ಹೋಗುತ್ತೆ. ಒಳಗೆ ಗಾಜಿನ ಅಡ್ಡಗೋಡೆಗಳು ಇರ್ತವೆ, ಅದಕ್ಕೆ ಬ್ಯಾಫಲ್ ಅಂತಾರೆ. ಇವತ್ತಿನ ಪೂರ್ತಿ ಕಥೆ ಆ ಬ್ಯಾಫಲ್ ಎಷ್ಟು ಎತ್ತರ ಇದೆ ಅನ್ನೋದರ ಮೇಲೇ ನಿಂತಿದೆ.

(ಭಾಗ 2)

ಇಳಿಯೋದು ತಾನಾಗೇ, ಏರೋದು ಕರೆಂಟಿನಿಂದ. ಹಾಗಾಗಿ ಕರೆಂಟ್ ಹೋದ ತಕ್ಷಣ ಏರೋದು ನಿಲ್ಲುತ್ತೆ, ಇಳಿಯೋದು ನಿಲ್ಲಲ್ಲ. ಓವರ್‌ಫ್ಲೋ ಅಂಚಿನವರೆಗೆ ಇರೋ ನೀರು ಇಳಿಯುತ್ತೆ, ಪೈಪಿನಲ್ಲಿ ಇರೋದು ಇಳಿಯುತ್ತೆ. ಸಾಲದ್ದಕ್ಕೆ ರಿಟರ್ನ್ ಪೈಪೇ ಸೈಫನ್ ಆಗಿ ಉಲ್ಟಾ ಎಳೆಯೋಕೆ ಶುರು ಮಾಡುತ್ತೆ. ಪೆಟ್ರೋಲ್ ಕ್ಯಾನಿಗೆ ಪೈಪ್ ಹಾಕಿ ಎಳೀತಾರಲ್ಲ, ಅದೇ ಲೆಕ್ಕ. ಮೇಲಿನ ನಾಜಲ್ ಗಾಳಿಗೆ ಬರೋವರೆಗೂ ಬಿಡಲ್ಲ. ಅಷ್ಟೂ ನೀರಿಗೆ ಸಂಪಿನಲ್ಲಿ ಜಾಗ ಇರಬೇಕು. ಇಲ್ಲದಿದ್ರೆ ಉಪ್ಪು ನೀರು ನೆಲದ ಮೇಲೆ, ಕ್ಯಾಬಿನೆಟ್ಟಿನ ಪ್ಲೈವುಡ್ ಒಳಗೆ, ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ.

ನಮ್ಮೂರು ಬ್ಯಾಕೋಡು. ಮೂರು ಕಡೆ ಶರಾವತಿ ಹಿನ್ನೀರು, ಇನ್ನೊಂದು ಕಡೆ ಕಾಡು, ಘಟ್ಟ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಈ ಕಡೆಯ ಗದ್ದೆ, ತೋಟ, ಮನೆಗಳು ನೀರೊಳಗೆ ಹೋದವು. ಆ ನೀರಿನಿಂದ ಓಡೋ ಶರಾವತಿ ಪವರ್ ಹೌಸ್ 1,035 ಮೆಗಾವ್ಯಾಟಿನದು. ಆದರೂ ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ರೆ ನಮ್ಮನೆ ಬಲ್ಬು ಯಾವಾಗ ಹತ್ತುತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ಯಾರ ಮೇಲೂ ದೂರಲ್ಲ, ಆ ಮಳೆಯಲ್ಲಿ ಲೈನ್ ಹತ್ತೋ ಅಣ್ಣಂದಿರ ಕಷ್ಟ ನೋಡಿದೀನಿ. ಹೇಳೋದು ಇಷ್ಟೇ: ಕರೆಂಟ್ ಹೋದ್ರೆ ಏನು ಗತಿ ಅಂತ ಲೆಕ್ಕ ಹಾಕೋದಲ್ಲ, ಹೋಗೇ ಹೋಗುತ್ತೆ, ದಿನಕ್ಕೆ ನಾಲ್ಕು ಸಲ ಹೋಗುತ್ತೆ ಅಂತ ಇಟ್ಕೊಂಡೇ ಸಂಪ್ ಆರಿಸಬೇಕು.

ಡ್ಯಾಮ್ ಪಕ್ಕ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ ಅಂತ ಇಲ್ಲಿನ ಚಿಕ್ಕ ಮಕ್ಕಳೂ ಹೇಳ್ತಾರೆ. ನೀರು ಅಲ್ಲಿಗೆ ಮುಟ್ಟೋ ಮುಂಚೆಯೇ ಹೊಳೆ ದಂಡೆಯವರಿಗೆ ಎಚ್ಚರಿಕೆ ಬರುತ್ತೆ. ಇನ್ನೂ ಮೇಲಿಂದ ಬರೋ ನೀರಿಗೆ ಜಾಗ ಬೇಕಲ್ಲ! ಲಿಂಗನಮಕ್ಕಿ ನೀರು ಪವರ್ ಹೌಸಿಗೆ ನೇರ ಹೋಗಲ್ಲ, ನಡುವೆ ತಳಕಳಲೆ ಅಂತ ಒಂದು ಸಮತೋಲನ ಜಲಾಶಯ ಇದೆ. ನನ್ನ ಪ್ರಕಾರ ಸಂಪ್ ಅಂದ್ರೆ ಮನೆಯೊಳಗಿನ ತಳಕಳಲೆ. ಅದನ್ನ ಅಂಚಿನವರೆಗೆ ತುಂಬಿಸಿ ಇಡ್ತೀನಿ ಅನ್ನೋರಿಗೆ ಎಂತ ಹೇಳೋದು ಮಾರಾಯ್ರೆ.

(ಭಾಗ 3: ಲೆಕ್ಕ. ಬಿಕಾಂನವರ ಹತ್ರ ಬಂದಿದೀರಿ, ಲೆಕ್ಕ ಇಲ್ಲದೆ ಬಿಡಲ್ಲ)

ಟ್ಯಾಂಕ್ 90 ಸೆಂ.ಮೀ ಉದ್ದ, 45 ಅಗಲ ಅಂತ ಇಟ್ಕೊಳ್ಳಿ, ಅಂದ್ರೆ ಮೂರಡಿ ಟ್ಯಾಂಕ್. ಉದ್ದ ಅಗಲ ಗುಣಿಸಿದ್ರೆ 4,050. ಹಾಗಾಗಿ ಅದರಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದ್ರೆ ಹತ್ತಿರ ಹತ್ತಿರ 4 ಲೀಟರ್. ರಿಟರ್ನ್ ನಾಜಲ್ ನೀರಿನ ಮಟ್ಟದಿಂದ 4 ಸೆಂ.ಮೀ ಕೆಳಗಿದ್ರೆ 16 ಲೀಟರ್ ಕೆಳಗೆ ಬರುತ್ತೆ. ಓವರ್‌ಫ್ಲೋ ಬಾಕ್ಸು, ಪೈಪಿನಲ್ಲಿರೋದು ಸೇರಿ ಇನ್ನೊಂದು 6 ಲೀಟರ್ ಹಿಡೀರಿ. ಒಟ್ಟು 22 ಲೀಟರ್. ಒಂದು ದೊಡ್ಡ ಬಕೆಟ್ ತುಂಬಿ ಮೇಲೆ ಇಷ್ಟು.

ಈಗ ಸಂಪ್. 60 ಉದ್ದ, 30 ಅಗಲ, 35 ಎತ್ತರ. ಗುಣಿಸಿದ್ರೆ 63 ಲೀಟರ್. ಅಂಗಡಿಯವರು ಹೇಳೋದು ಈ 63ನ್ನ. ಇದು ಗ್ರಾಸ್ ಪ್ರಾಫಿಟ್ ಇದ್ದ ಹಾಗೆ, ಕೇಳೋಕೆ ಚೆಂದ, ಕೈಗೆ ಬರೋದು ಬೇರೆ. ಗಾಜಿನ ದಪ್ಪ ಸದ್ಯಕ್ಕೆ ಬಿಟ್ಟುಬಿಡಿ.

ಒಂದು ಸಂಪಿನಲ್ಲಿ ಬ್ಯಾಫಲ್ 22 ಸೆಂ.ಮೀ ಎತ್ತರ. ಓಡೋವಾಗ ಅಷ್ಟರವರೆಗೆ ನೀರು ಇದ್ದೇ ಇರುತ್ತೆ. ಅದರ ಮೇಲೆ 13 ಸೆಂ.ಮೀ ಖಾಲಿ, ಅಂದ್ರೆ 23.4 ಲೀಟರ್. ರಿಟರ್ನ್ ಪಂಪ್ ಇರೋ ಕೋಣೆ 15 ಸೆಂ.ಮೀ ಉದ್ದ ಇದ್ದು, ಅಲ್ಲಿ ನೀರು ಬ್ಯಾಫಲಿಗಿಂತ 6 ಸೆಂ.ಮೀ ಕೆಳಗಿದ್ರೆ ಇನ್ನೊಂದು 2.7 ಲೀಟರ್. ಒಟ್ಟು 26. ಬರೋದು 22. ಅಂಚಿಗೆ ಎರಡು ಬೆರಳು ಬಾಕಿ ಇರೋವಾಗ ನಿಲ್ಲುತ್ತೆ. ನೆಮ್ಮದಿ.

ಇನ್ನೊಂದು ಸಂಪು, ಹೊರಗಿನ ಅಳತೆ ಅದೇ, ಅದೂ 63 ಲೀಟರೇ. ಬ್ಯಾಫಲ್ ಮಾತ್ರ 27. ಮೇಲೆ ಖಾಲಿ ಇರೋದು 8 ಸೆಂ.ಮೀ, 14.4 ಲೀಟರ್. ರಿಟರ್ನ್ ಕೋಣೆಯ 2.7 ಸೇರಿಸಿದ್ರೂ 17. ಬರೋದು ಅದೇ 22. ಉಳಿದ 5 ಲೀಟರ್ ಎಲ್ಲಿಗೆ? ನಿಮ್ಮ ಮನೆ ಹಾಲಿಗೆ. ಪ್ರತಿ ಸಲ ಕರೆಂಟ್ ಹೋದಾಗಲೂ.

ಫೋಟೋದಲ್ಲಿ ಎರಡೂ ಒಂದೇ ತರ ಕಾಣ್ತವೆ. ಎರಡನೇದು ಇನ್ನೂ ಚೆಂದ ಕಾಣುತ್ತೆ, ನೀರು ತುಂಬಿರುತ್ತಲ್ಲ.

ನಾಜಲ್ ಮೇಲೆತ್ತಿದ್ರೆ ಆಯ್ತಲ್ಲ ಅಂತ ಕೇಳೋರು ಇದ್ದಾರೆ. ಸರಿಯಾದ ಪ್ರಶ್ನೆ. 4 ಸೆಂ.ಮೀ ಬದಲು 2ಕ್ಕೆ ಇಟ್ರೆ 8 ಲೀಟರ್ ಉಳಿಯುತ್ತೆ, ಎರಡನೇ ಸಂಪೂ ಬಚಾವ್. ಎತ್ತಿ, ಖಂಡಿತ ಎತ್ತಿ. ಪೈಪಿಗೆ ನೀರಿನ ಮಟ್ಟದಲ್ಲೇ ಒಂದು ಸಣ್ಣ ತೂತು ಕೊರೆದ್ರೂ ಗಾಳಿ ಹೊಕ್ಕು ಸೈಫನ್ ಕಡಿಯುತ್ತೆ. ಆದ್ರೆ ಆ ತೂತಿಗೆ ಪಾಚಿ ಕಟ್ಟುತ್ತೆ. ನಾನ್ ರಿಟರ್ನ್ ವಾಲ್ವ್ ಹಾಕಿದ್ರೆ ಅದರೊಳಗೆ ಉಪ್ಪು, ಸುಣ್ಣ ಕೂತು ಪೂರ್ತಿ ಮುಚ್ಚಲ್ಲ. ಇವೆಲ್ಲ ತಿಂಗಳು ತಿಂಗಳು ತೊಳೀತಾ ಇದ್ರೆ ಮಾತ್ರ ಕೆಲಸ ಮಾಡ್ತವೆ. ಖಾಲಿ ಜಾಗಕ್ಕೆ ಪಾಚಿ ಕಟ್ಟಲ್ಲ. ಅದಕ್ಕೇ ನಾನು ನಂಬೋದು ಅದನ್ನೇ.

(ಭಾಗ 4)

ಎರಡನೇದಾಗಿ ನೋಡಬೇಕಾದ್ದು ರಿಟರ್ನ್ ಕೋಣೆ. ನೀರು ಆವಿಯಾದಾಗ ಮೇಲಿನ ಟ್ಯಾಂಕಿನಲ್ಲಿ ಮಟ್ಟ ಇಳಿಯಲ್ಲ, ಸ್ಕಿಮ್ಮರ್ ಕೋಣೆಯಲ್ಲೂ ಇಳಿಯಲ್ಲ, ಅಷ್ಟೂ ಲೆಕ್ಕ ರಿಟರ್ನ್ ಕೋಣೆಯ ತಲೆ ಮೇಲೆ ಬರುತ್ತೆ. ಅದು 15 × 30 ಇದ್ದು, ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಆರಿದ್ರೆ, ಮಟ್ಟ ದಿನಕ್ಕೆ 3 ಸೆಂ.ಮೀಗಿಂತ ಜಾಸ್ತಿ ಇಳಿಯುತ್ತೆ. ಎರಡೂವರೆ ದಿನಕ್ಕೆ 8 ಸೆಂ.ಮೀ. ಪಂಪ್ ಗಾಳಿ ಎಳ್ಕೊಂಡು ಗೊರ ಗೊರ ಅನ್ನುತ್ತೆ, ಹಾಗೇ ಬಿಟ್ರೆ ಸುಡುತ್ತೆ.

ನಾನು ವಾರಪೂರ್ತಿ ಸಾಗರದಲ್ಲಿ ರೂಮಿನಲ್ಲಿ ಇರೋದು, ಊರಿಗೆ ಬರೋದು ಶನಿವಾರ. ಸೇತುವೆ ಆದಮೇಲೆ ದಿನಾ ಓಡಾಡಬಹುದಲ್ಲ ಅಂತ ಎಲ್ಲರೂ ಹೇಳ್ತಾರೆ. ಆಗಬಹುದು, 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಲಾಂಚಿಗೆ ಕಾಯೋದಂತೂ ತಪ್ಪಿದೆ. ಆದ್ರೆ ಬಸ್ಸು, ಕ್ಲಾಸು, ಟ್ಯಾಲಿ ಕೋರ್ಸು ಎಲ್ಲ ಸೇರಿದ್ರೆ ಆಗಲ್ಲ. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ಟ್ಯಾಂಕ್ ಅಮ್ಮನದ್ದು. ಅಮ್ಮ ಸ್ಕಿಮ್ಮರ್ ತಿಳ್ಕೊಂಡಿಲ್ಲ, ತಿಳ್ಕೊಳ್ಳೋ ಅಗತ್ಯನೂ ಇಲ್ಲ. ಗಾಜಿನ ಮೇಲೆ ಒಂದು ಕೆಂಪು ಟೇಪ್ ಅಂಟಿಸಿದೀನಿ. ನೀರು ಅದರ ಕೆಳಗೆ ಬಂದ್ರೆ ಕ್ಯಾನಿನಲ್ಲಿರೋ ಆರ್‌ಒ ನೀರು ಟೇಪಿನವರೆಗೆ ಹಾಕಬೇಕು, ಅಷ್ಟೇ. ಉಪ್ಪು ನೀರಲ್ಲ, ಸಪ್ಪೆ ನೀರೇ. ಆವಿಯಾಗೋದು ನೀರು, ಉಪ್ಪು ಅಲ್ಲೇ ಉಳಿದಿರುತ್ತೆ.

"ದಿನಾ ಇಷ್ಟು ಲೀಟರ್ ಹಾಕು" ಅಂತ ಯಾರಿಗೂ ಹೇಳಬೇಡಿ. ಏಪ್ರಿಲ್‌ನ ಒಂದೂವರೆ ಲೀಟರ್ ಜುಲೈನಲ್ಲಿ ಅರ್ಧಕ್ಕೂ ಬರಲ್ಲ, ನಮ್ಮ ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ ಇನ್ನು ನೀರು ಎಲ್ಲಿ ಆರುತ್ತೆ. ಅಳತೆ ಬೇಡ, ಗೆರೆ ಇರಲಿ.

ಆ ಗೆರೆ ಎಲ್ಲಿ ಹಾಕೋದು ಅನ್ನೋದಕ್ಕೆ ಸುಲಭ ದಾರಿ ಇದೆ. ಮೊದಲ ದಿನ, ಉಪ್ಪು ಬೆರೆಸೋಕೂ ಮುಂಚೆ, ಮೇಲಿನ ಟ್ಯಾಂಕ್ ತುಂಬಿಸಿ ಪಂಪ್ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿ. ಇಳಿಯೋದೆಲ್ಲ ಇಳೀಲಿ. ಆಮೇಲೆ ಸಂಪಿನ ಅಂಚಿಗೆ 3 ಸೆಂ.ಮೀ ಕಡಿಮೆ ಇರೋ ಹಾಗೆ ನೀರು ಹಾಕಿ ಅಥವಾ ತೆಗೀರಿ. ಈಗ ಪಂಪ್ ಆನ್ ಮಾಡಿ ಹತ್ತು ನಿಮಿಷ ಬಿಡಿ. ರಿಟರ್ನ್ ಕೋಣೆಯಲ್ಲಿ ನೀರು ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ಮೇಲಿನ ಗೆರೆ, ಅದನ್ನ ದಾಟಬಾರದು. ಅಲ್ಲಿ ಪಂಪ್ ಗಾಳಿ ಎಳೀತಾ ಇದ್ರೆ ಆ ಸಂಪ್ ನಿಮ್ಮ ಟ್ಯಾಂಕಿಗೆ ಸಾಲಲ್ಲ ಅಂತ ಅರ್ಥ.

(ಭಾಗ 5)

ಎಷ್ಟು ಕೋಣೆ ಬೇಕು? ಐದು ಕೋಣೆ, ಆರು ಕೋಣೆ ಅಂತ ತೋರಿಸಿ ಮಾರ್ತಾರೆ. ಪ್ರತಿ ಕೋಣೆಯೂ ಜಾಗ ತಿನ್ನುತ್ತೆ, ಕೊನೆಗೆ ರಿಟರ್ನ್ ಕೋಣೆ ಬೆಂಕಿಪೆಟ್ಟಿಗೆ ಆಗುತ್ತೆ. ನನ್ನ ಪ್ರಕಾರ ಮೂರು ಸಾಕು: ನೀರು ಬೀಳೋ ಕಡೆ, ಸ್ಕಿಮ್ಮರ್, ರಿಟರ್ನ್.

ಇದಕ್ಕೆ ಇನ್ನೊಂದು ಕಾರಣನೂ ಇದೆ. ವಿದೇಶದ ವಿಡಿಯೋಗಳಲ್ಲಿ ಕ್ಯಾಲ್ಸಿಯಂ ರಿಯಾಕ್ಟರ್, ಡೋಸಿಂಗ್ ಅಂತ ಅಷ್ಟೆಲ್ಲ ಕೋಣೆ ಇರೋದು ಅವರು ಕಲ್ಲು ಹವಳ ಬೆಳೆಸ್ತಾರೆ ಅಂತ. ನಮ್ಮಲ್ಲಿ ರೀಫ್ ಕಟ್ಟೋ ಗಟ್ಟಿ ಹವಳಗಳು, ಸೀ ಫ್ಯಾನ್, ಕಪ್ಪು ಹವಳ ಇವೆಲ್ಲ 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲಿಗೆ ಸೇರಿದವು. ಹುಲಿ ಇರೋ ಪಟ್ಟಿ ಅದು. ಯಾರೋ ಕಡಿಮೆ ರೇಟಿಗೆ ಕೊಡ್ತೀನಿ ಅಂದ್ರೂ ಬೇಡ. ನಮ್ಮ ಘಟ್ಟ ಇಳಿದ್ರೆ ಮುರುಡೇಶ್ವರ, ಅದರ ಎದುರಿಗೆ ಸಮುದ್ರದಲ್ಲಿ ನೇತ್ರಾಣಿ. ಹವಳ ನೋಡಬೇಕಾದ್ರೆ ಅಲ್ಲಿ ಡೈವ್ ಮಾಡಿ ನೋಡಿ ಬನ್ನಿ, ಒಂದು ಚೂರೂ ಎತ್ಕೊಂಡು ಬರಬೇಡಿ. ನನ್ನ ಟ್ಯಾಂಕಿನಲ್ಲಿ ಇರೋದು ಜೋಆಂತಿಡ್, ಮಶ್ರೂಮ್, ಒಂದು ಲೆದರ್, ಎಲ್ಲ ಮೆತ್ತನೆಯವು, ಇನ್ನೊಬ್ಬ ಹವ್ಯಾಸಿ ಬೆಳೆಸಿ ಕೊಟ್ಟಿದ್ದು. ಇವಕ್ಕೆ ಆ ರಿಯಾಕ್ಟರ್ ಬೇಡ, ಅದಕ್ಕೆ ಕೋಣೆನೂ ಬೇಡ.

ಫಿಲ್ಟರ್ ಸಾಕ್ ಇರೋ ಸಂಪ್ ಬಗ್ಗೆನೂ ಒಂದು ಮಾತು. ಮೂರು ನಾಲ್ಕು ದಿನಕ್ಕೊಮ್ಮೆ ಆ ಚೀಲ ಬದಲಿಸೋಕೆ ಮನೆಯಲ್ಲಿ ಜನ ಇದ್ರೆ ಚೆನ್ನಾಗಿದೆ. ಇಲ್ಲದಿದ್ರೆ ಅದು ಕಟ್ಟಿಕೊಂಡು ಗಬ್ಬು ನಾರುತ್ತೆ. ಹತ್ತಿ ತರದ ಫ್ಲಾಸ್ ಹಾಕೋ ಅಗಲದ ಟ್ರೇ ಇದ್ರೆ ಅಮ್ಮಂದಿರಿಗೆ ಸುಲಭ, ತೆಗೆದು ಬಿಸಾಕಿ ಹೊಸದು ಇಟ್ರೆ ಆಯ್ತು.

(ಭಾಗ 6, ಮುಗೀತು)

ಗಾಜಾ ಅಕ್ರಿಲಿಕ್ಕಾ? ಗಾಜು ಅಗ್ಗ, ಗೀರು ಬೀಳಲ್ಲ. ಅಕ್ರಿಲಿಕ್ ಹಗುರ, ದಾರಿಯಲ್ಲಿ ಒಡೆಯೋ ಭಯ ಕಡಿಮೆ. ಬೆಂಗಳೂರಿಂದ ಪಾರ್ಸೆಲ್ ಬಂದು, ಸಾಗರದಲ್ಲಿ ಇಳಿದು, ಮತ್ತೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಮ್ಮೂರ ತಿರುವುಗಳನ್ನ ದಾಟಬೇಕಾದ್ರೆ ನಾನು ಅಕ್ರಿಲಿಕ್ ಅಂತೀನಿ. ಶಿವಮೊಗ್ಗದವರು ಗಾಜೇ ತಗೊಳ್ಳಿ.

ಕ್ಯಾಬಿನೆಟ್ ಬಾಗಿಲಿನ ಅಳತೆ ತಗೊಳ್ಳಿ, ಒಳಗಿನದ್ದಲ್ಲ, ಬಾಗಿಲಿನದ್ದು. ಸಂಪ್ ಒಳಗೆ ಕೂರುತ್ತೆ, ಆದ್ರೆ ಬಾಗಿಲಿನಿಂದ ಒಳಗೆ ಹೋಗಲ್ಲ, ಆಮೇಲೆ ಬಡಗಿ ಬರಬೇಕು. ಸ್ಕಿಮ್ಮರಿನ ಕಪ್ ಮೇಲೆತ್ತಿ ತೆಗೆಯೋಕೂ ಜಾಗ ಬಿಡಿ.

ಇನ್ವರ್ಟರ್ ಇದ್ರೆ ಸಂಪಿನ ಖಾಲಿ ಜಾಗದ ಚಿಂತೆ ಇಲ್ಲ ಅನ್ನೋರಿಗೆ: ನಿಮ್ಮ ಬ್ಯಾಟರಿ ಎರಡು ದಿನ ಬರುತ್ತಾ? ನನ್ನ ಸಲಹೆ, ಇನ್ವರ್ಟರಿಗೆ ರಿಟರ್ನ್ ಪಂಪ್ ಹಾಕಲೇಬೇಡಿ. ಮೇಲಿನ ಟ್ಯಾಂಕಿನ ವೇವ್‌ಮೇಕರ್ ಒಂದನ್ನ ಹಾಕಿ. ಕಡಿಮೆ ವ್ಯಾಟ್, ತುಂಬ ಹೊತ್ತು ಬರುತ್ತೆ, ನೀರು ಅಲುಗಾಡ್ತಾ ಇದ್ರೆ ಮೀನಿಗೆ ಆಮ್ಲಜನಕ ಸಿಗುತ್ತೆ. ಆವಾಗ ಸಂಪಿಗೆ ಇಳಿದ ನೀರು ಅಲ್ಲೇ ಕಾಯ್ತಾ ಇರುತ್ತೆ, ಜಾಗ ಇದ್ರೆ. ಕರೆಂಟ್ ಬಂದ ತಕ್ಷಣ ಸ್ಕಿಮ್ಮರ್ ಶುರುವಾದ್ರೆ ಮಟ್ಟ ಜಾಸ್ತಿ ಇರೋದ್ರಿಂದ ಕಪ್ ಉಕ್ಕಿ ಕೊಳೆ ನೀರೆಲ್ಲ ವಾಪಸ್ ಬೀಳುತ್ತೆ, ಅದಕ್ಕೆ ಹತ್ತು ನಿಮಿಷ ತಡವಾಗಿ ಆನ್ ಆಗೋ ಟೈಮರ್ ಹಾಕಿ.

ಸಂಪ್ ಮಾಡಿ ಮಾರೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ ಒಂದು ವಿನಂತಿ. ಡಬ್ಬದ ಮೇಲೆ ಒಟ್ಟು ಲೀಟರ್ ಪಕ್ಕದಲ್ಲಿ ಬ್ಯಾಫಲ್ ಎತ್ತರ, ಓಡೋವಾಗ ಉಳಿಯೋ ಖಾಲಿ ಲೀಟರ್, ಈ ಎರಡು ಅಂಕಿ ಹಾಕಿ. ಬ್ಯಾಫಲನ್ನ ಪೂರ್ತಿ ಅಂಟಿಸೋ ಬದಲು ಏರಿಳಿಸೋ ಹಾಗೆ ಮಾಡಿದ್ರಂತೂ ನಾನೇ ಫ್ರೀಯಾಗಿ ಪ್ರಚಾರ ಮಾಡ್ತೀನಿ 😄

ಕೊಳ್ಳೋರು ಟ್ಯಾಂಕಿನ ಉದ್ದ ಅಗಲ, ನಾಜಲ್ ಎಷ್ಟು ಕೆಳಗಿದೆ, ನೋಡಿರೋ ಸಂಪಿನ ಮೂರೂ ಅಳತೆ, ಬ್ಯಾಫಲ್ ಎತ್ತರ, ರಿಟರ್ನ್ ಕೋಣೆಯ ಉದ್ದ ಡಿಎಂ ಮಾಡಿ. ಶನಿವಾರ ರಾತ್ರಿ ಕೂತು ಲೆಕ್ಕ ಹಾಕಿ ಕಳಿಸ್ತೀನಿ, ಕರೆಂಟ್ ಇದ್ರೆ. ಬರೀ ಫೋಟೋ ಕಳಿಸಬೇಡಿ, ಫೋಟೋದಲ್ಲಿ ಸೆಂಟಿಮೀಟರ್ ಕಾಣಲ್ಲ.

#ಬ್ಯಾಕೋಡು #ರೀಫ್‌ಟ್ಯಾಂಕ್ #ಸಂಪ್ #ಶರಾವತಿಹಿನ್ನೀರು