ಮೂರೆಲೆಯ ಬೆಳೆಗೂ ಬೆಂಬಲ ಬೆಲೆ ಬೇಕು

ಬಿಲ್ವದ ಮೂರೆಲೆ ಶಿವನ ಮುಡಿಗೇರುತ್ತದೆ, ಮುತ್ತುಗದ ಮೂರೆಲೆ ಊಟದ ಎಲೆಯಾಗುತ್ತದೆ. ಹೊಲದ ಮೂರೆಲೆಗೆ ಮಾತ್ರ ಅಂಥ ಮರ್ಯಾದೆ ಸಿಕ್ಕಿಲ್ಲ. ಅವರೆ, ತೊಗರಿ, ಹುರುಳಿ, ಅಲಸಂದೆ, ಹೆಸರು, ಉದ್ದು ಎಲ್ಲವೂ ಒಂದು ತೊಟ್ಟಿಗೆ ಮೂರೆಲೆ ಬಿಡುವಂಥವು. (ಕಡಲೆ ಈ ಪಂಕ್ತಿಗೆ ಸೇರದು.) ಮೂರೆಲೆ ಇದ್ದ ಮಾತ್ರಕ್ಕೆ ನೆಲಕ್ಕೆ ಲಾಭವಾಗದು ನಿಜ; ಬಿಲ್ವ ನಿಂಬೆಯ ಕುಲದ್ದು, ಕಾಳಿನ ಕುಲದ್ದಲ್ಲ. ಆದರೆ ಈ ಕಾಳುಗಳ ಕಸುಬು ಬೇರಿನಲ್ಲಿದೆ. ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣುಸಮೇತ ಅಗೆದು, ಬೇರು ತೊಳೆದು ನೋಡಿ. ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಒಂದನ್ನು ಸೀಳಿದಾಗ ಒಳಗೆ ನಸುಗೆಂಪಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿದೆ ಎಂದರ್ಥ. ಬೆಳ್ಳಗಿದ್ದರೆ ಕೆಲಸ ನಡೆದಿಲ್ಲ.

ಹಳೇ ಮೈಸೂರಿನ ರಾಗಿ ಹೊಲಗಳ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಕಾಳಿನ ಸಾಲು ಬಿತ್ತುವ ಪದ್ಧತಿ, ನಿಂತದ್ದು ಈ ಗಂಟುಗಳ ಮೇಲೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲೇ ಉಳಿದು, ಮಣ್ಣಿನ ಕೊನೆಯ ತೇವದಲ್ಲಿ ಕಾಯಿ ಕಟ್ಟುತ್ತಿದ್ದವು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಇರುತ್ತಿತ್ತು. ಈಗ ಬಹಳ ಕಡೆ ರಾಗಿ ಒಂಟಿ. 45 ಕೆ.ಜಿ. ಯೂರಿಯಾ ಮೂಟೆ ತೆರಿಗೆ, ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿಗೆ ಸಿಗುವಾಗ ಬೇರುಗಂಟಿನ ಗೊಡವೆ ಯಾರಿಗೆ ಬೇಕು? ಮೇಲಾಗಿ ಯೂರಿಯಾ ಧಾರಾಳವಾಗಿ ಬಿದ್ದ ನೆಲದಲ್ಲಿ ಕಾಳಿನ ಗಿಡವೂ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಸಹಾಯಧನ ಕೊಟ್ಟು ಪುಕ್ಕಟೆ ಗೊಬ್ಬರದ ಬಾಯಿ ಮುಚ್ಚಿಸುವ ಜಾಣತನವಿದು.

ಇದು ಹಳೆಯದರ ಹಂಬಲ, ಕೊಯ್ಲಿನ ಯಂತ್ರಕ್ಕೆ ಬೆರಕೆ ಬೆಳೆ ಒಗ್ಗದು ಎಂಬ ಆಕ್ಷೇಪವಿದೆ. ಕೂಲಿಯಾಳು ಸಿಗದ ಊರಲ್ಲಿ ಅದು ತಳ್ಳಿಹಾಕುವ ಮಾತಲ್ಲ. ಆದರೆ ಕಾಳನ್ನು ಎಲ್ಲೆಂದರಲ್ಲಿ ಎರಚಬೇಕಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೇ ಶಿಫಾರಸು ಮಾಡಿದೆ. ಯಂತ್ರದ ಅಗಲ ನೋಡಿಕೊಂಡು ಪಟ್ಟಿ ಬಿಟ್ಟರಾಯಿತು. ಗಂಟಿನ ಸಾರಜನಕದಲ್ಲಿ ಬಹುಪಾಲು ಕಾಳಿಗೇ ಹೋಗುತ್ತದೆ, ನೆಲಕ್ಕೆ ಉಳಿಯುವುದೆಷ್ಟು ಎಂದು ಕೇಳುವವರೂ ಇದ್ದಾರೆ. ಒಪ್ಪತಕ್ಕದ್ದೇ. ಉದುರಿದ ಎಲೆ, ಕೊಳೆತ ಬೇರಿನ ಪಾಲಷ್ಟೇ ನೆಲದ್ದು, ಯೂರಿಯಾ ಪೂರ್ತಿ ತಪ್ಪದು. ಆದರೆ ಕಾಳಿಗೆ ಹೋದ ಸಾರಜನಕ ಪೋಲಾಗಿಲ್ಲ, ನಮ್ಮ ತಟ್ಟೆಯ ಪ್ರೋಟೀನ್ ಆಗಿದೆ.

ರೈತನ ನಿಜವಾದ ಅಳುಕು ಬೆಲೆಯದು, ಅಲ್ಲಿ ತಪ್ಪು ಸರ್ಕಾರದ್ದೇ. ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿರುವ ಬೇಳೆಕಾಳು ಐದೇ: ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ರಾಗಿಗೆ ಬೆಂಬಲವಿದೆ, ರಾಗಿಯ ಜೊತೆಗಾರರಾದ ಅವರೆ, ಹುರುಳಿ, ಅಲಸಂದೆಗೆ ಇಲ್ಲ. 2016 ಅಂತರರಾಷ್ಟ್ರೀಯ ಬೇಳೆಕಾಳು ವರ್ಷ, 2023 ಸಿರಿಧಾನ್ಯ ವರ್ಷ. ಎರಡೂ ಕಳೆದರೂ ಪಟ್ಟಿ ಮಾತ್ರ ಹಾಗೇ ಇದೆ. ದೆಹಲಿಯನ್ನು ಕಾಯುತ್ತ ಕೂರುವ ಅಗತ್ಯ ರಾಜ್ಯಕ್ಕಿಲ್ಲ. ಶಾಲೆಯ ಬಿಸಿಯೂಟದ ಸಾಂಬಾರಿಗೆ ವಾರದಲ್ಲಿ ಎರಡು ದಿನ ಈ ಮೂರು ಕಾಳುಗಳನ್ನು ಗೊತ್ತುಮಾಡಿ, ಆಯಾ ತಾಲ್ಲೂಕಿನ ರೈತರಿಂದಲೇ ಕೊಳ್ಳಲಿ. ಖರೀದಿ ದರವನ್ನು ಮುಂಗಾರು ಬಿತ್ತನೆಗೆ ಮೊದಲೇ ಪ್ರಕಟಿಸಲಿ.