ದೋಣಿಗೆ ಹತ್ತಿದ ಗೆದ್ದಲು

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತೆಂಬ ಗಾದೆಯನ್ನು ಹೇಳುವಾಗ ನಾವೆಲ್ಲರೂ ಗೆದ್ದಲಿನ ಪಕ್ಷ ವಹಿಸುತ್ತೇವೆ. ಅದೇ ಗೆದ್ದಲು ಮನೆಯ ದಾರಂದಕ್ಕೋ ಪುಸ್ತಕದ ಕಪಾಟಿಗೋ ಹತ್ತಿದರೆ ಗಾಬರಿಗೊಳ್ಳುತ್ತೇವೆ. ಆದರೆ ದೋಣಿಗೆ ಹತ್ತಿದ ಗೆದ್ದಲನ್ನು ಕಂಡು ಗಾಬರಿಯಾಗುವವರು ಇಂದು ವಿರಳ. ನಮ್ಮ ಕರಾವಳಿಯ ಹಳೆಯ ಮರದ ದೋಣಿಗಳು ತೆಂಗಿನ ಮರಗಳ ಬುಡದಲ್ಲಿ ಮಣ್ಣಾಗುತ್ತಿರುವುದಕ್ಕೆ ಹುಳುವಿಗಿಂತ ನಮ್ಮ ಅಲಕ್ಷ್ಯವೇ ಹೆಚ್ಚು ಕಾರಣವೆಂದು ನಾನು ಭಾವಿಸುತ್ತೇನೆ.

ಮರದ ದೋಣಿಗೆ ನೀರಿನಲ್ಲೊಬ್ಬ ಶತ್ರು, ನೆಲದಲ್ಲೊಬ್ಬ ಶತ್ರು. ಉಪ್ಪುನೀರಿನ ಶತ್ರುವನ್ನು ಇಂಗ್ಲಿಷಿನಲ್ಲಿ ಶಿಪ್‌ವರ್ಮ್ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಟೆರೆಡೊ. ನೋಡಲು ಹುಳುವಿನಂತಿದ್ದರೂ ಅದು ಹುಳುವಲ್ಲ, ಕೀಟವೂ ಅಲ್ಲ. ನಾವು ತಿನ್ನುವ ಮರುವಾಯಿಯ ದೂರದ ಬಂಧುವಾದ ಮೃದ್ವಂಗಿ ಅದು. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಮರದೊಳಗೆ ಹೊಕ್ಕು, ಅಲ್ಲಿಯೇ ಬೆಳೆಯುತ್ತ ಸುರಂಗ ಕೊರೆಯುತ್ತದೆ. ಹೊರಗೆ ಹಲಗೆ ಸುಭದ್ರವಾಗಿಯೇ ಕಾಣುತ್ತದೆ, ಒಳಗೆ ಜರಡಿಯಾಗಿರುತ್ತದೆ. 1503ರಲ್ಲಿ ಕೊಲಂಬಸ್ ತನ್ನ ಕೊನೆಯ ಯಾನದಲ್ಲಿ ಹೀಗೆ ಜರಡಿಯಾದ ಹಡಗುಗಳನ್ನು ಜಮೈಕಾ ದ್ವೀಪದ ದಡಕ್ಕೇರಿಸಿ, ಒಂದು ವರ್ಷ ಅಲ್ಲಿಯೇ ಸಿಲುಕಿಕೊಂಡಿದ್ದನು. 1730ರ ದಶಕದಲ್ಲಿ ಹಾಲೆಂಡಿನ ಜನರ ಸಮುದ್ರ ತಡೆಗೋಡೆಗಳ ಮರವನ್ನು ಇದೇ ಪ್ರಾಣಿ ತಿಂದು ಹಾಕಿತು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು.

ನಮ್ಮ ಬಡ ಮೀನುಗಾರನಿಗೆ ತಾಮ್ರದ ತಗಡೆಲ್ಲಿಯದು? ಅವನಿಗೆ ದುಡಿಮೆಯೇ ಮದ್ದಾಗಿತ್ತು. ಮೀನು ಹಿಡಿದು ಬಂದೊಡನೆ ದೋಣಿಯನ್ನು ಮರಳಿಗೆ ಎಳೆದು ಬಿಸಿಲಿಗೆ ಒಣಗಲು ಬಿಡುತ್ತಿದ್ದನು. ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದನು. ಒಣ ಮರದಲ್ಲಿ ಟೆರೆಡೊ ಬಹುಕಾಲ ಬದುಕದು, ಸಿಹಿನೀರೂ ಅದಕ್ಕೆ ಒಗ್ಗದು. ಮಳೆಗಾಲದಲ್ಲಿ ಅಳಿವೆಗಳ ಉಪ್ಪು ಇಳಿದಾಗ ಅದರ ಹಾವಳಿಯೂ ಇಳಿಯುತ್ತದೆ.

ಇಷ್ಟು ಜಾಗರೂಕತೆಯಿಂದ ಕಡಲನ್ನು ಗೆದ್ದ ದೋಣಿ ನೆಲದ ಮೇಲೆ ಸೋತಿತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿ ಮೀನುಗಾರಿಕೆ ಹಿಂದೆ ಸರಿಯಿತು. ಆಮೇಲೆ ಫೈಬರ್ ದೋಣಿಗಳು ಬಂದವು. ಅದನ್ನು ನಾನು ದೂರುವುದಿಲ್ಲ. ಹಗುರವಾದ, ಹುಳು ತಿನ್ನದ ದೋಣಿಯನ್ನು ದುಡಿಯುವವನು ಆರಿಸಿಕೊಂಡರೆ ತಪ್ಪೇನಿದೆ? ತಪ್ಪಿರುವುದು ಹಳೆಯದನ್ನು ಬರಿ ನೆಲದ ಮೇಲೆ ಎಳೆದು ಹಾಕಿ ಮರೆತುಬಿಡುವುದರಲ್ಲಿ. ಗೆದ್ದಲಿಗೆ ಬೇಕಾದುದು ತೇವ ಮತ್ತು ಮಣ್ಣಿನ ಸಂಪರ್ಕ. ಮಳೆನೀರು ತುಂಬಿ ನಿಂತ ದೋಣಿ ಅವೆರಡನ್ನೂ ಒದಗಿಸುತ್ತದೆ. ಒಣಗಿದ ಭಾಗಕ್ಕೆ ಸಣ್ಣ ದುಂಬಿಗಳ ಮರಿಹುಳುಗಳು ಹೊಕ್ಕು ಹಿಟ್ಟಿನಂತಹ ಪುಡಿ ಉದುರಿಸುತ್ತವೆ.

ಇಷ್ಟಾದ ಮೇಲೆ ಎಚ್ಚೆತ್ತು ಅಂಗಡಿಯಿಂದ ವಿಷದ ಡಬ್ಬಿ ತಂದು ಸುರಿಯುವವರಿದ್ದಾರೆ. ಯಾವ ಜೀವಿ ತಿನ್ನುತ್ತಿದೆಯೆಂದು ನೋಡದೆ ಸುರಿದ ಔಷಧಿ ಹುಳುವಿಗಿಂತ ಮೊದಲು ಬಾವಿಯ ನೀರನ್ನೂ ಹೊಳೆಯ ಮೀನನ್ನೂ ತಲುಪೀತು. ಹಡಗುಗಳ ತಳಕ್ಕೆ ಬಳಿಯುತ್ತಿದ್ದ ತವರ ಮಿಶ್ರಿತ ವಿಷಬಣ್ಣ ಸಿಂಪಿ, ಶಂಖದ ಜಾತಿಯ ಜೀವಿಗಳನ್ನು ಕೆಡಿಸಿದ್ದರಿಂದಲೇ ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂದಿತು.

ಖರ್ಚಿಲ್ಲದ ಉಪಾಯಗಳು ಬೇಕಾದಷ್ಟಿವೆ. ದೋಣಿಯನ್ನು ನಾಲ್ಕು ಕಲ್ಲುಗಳ ಮೇಲೆ ಎತ್ತಿ ಕವುಚಿಡಬೇಕು. ಮೇಲೊಂದು ಮಾಡು, ಕೆಳಗೆ ಗಾಳಿಯಾಡಲು ಜಾಗವಿರಬೇಕು. ಕಲ್ಲಿನ ಮೇಲೆ ಗೆದ್ದಲಿನ ಮಣ್ಣಿನ ಕೊಳವೆ ಕಂಡೊಡನೆ ಕೆರೆದು ತೆಗೆಯಬೇಕು. ತಿಂಗಳಿಗೊಮ್ಮೆ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಬೇಕು; ಪೊಳ್ಳು ಶಬ್ದ ಬಂದಲ್ಲಿ ರೋಗವಿದೆಯೆಂದು ತಿಳಿಯಬೇಕು.

ಎಲ್ಲ ದೋಣಿಗಳನ್ನೂ ಉಳಿಸಲಾಗದು, ನಿಜ. ಆದರೆ ಕಡಲತೀರದ ಪ್ರತಿಯೊಂದು ಊರೂ ಒಂದನ್ನಾದರೂ ಉಳಿಸಿಕೊಳ್ಳಬಾರದೇ? ಮರವನ್ನು ಆರಿಸಿ, ಕೆತ್ತಿ, ಜೋಡಿಸಿದ ಆಚಾರಿಯ ಲೆಕ್ಕಾಚಾರ ಯಾವ ಪುಸ್ತಕದಲ್ಲಿಯೂ ಪೂರ್ತಿ ಬರೆದಿಟ್ಟಿಲ್ಲ. ಅದು ಆ ಮರದಲ್ಲಿಯೇ ಇದೆ. ಮುಂದಿನ ಮಳೆಗಾಲ ಹಿಡಿಯುವ ಮುನ್ನ, ತಮ್ಮ ಊರಿನ ತೆಂಗಿನ ತೋಟದ ಮೂಲೆಯಲ್ಲಿ ಅಂಥದೊಂದು ದೋಣಿ ಬಿದ್ದಿದೆಯೇ ಎಂದು ಓದುಗ ಮಿತ್ರರು ಒಮ್ಮೆ ನೋಡಿ ಬರಬೇಕೆಂದು ನನ್ನ ವಿನಂತಿ. ಇದ್ದರೆ, ನಾಲ್ಕು ಜನ ಸೇರಿ ಅದನ್ನು ಕಲ್ಲಿನ ಮೇಲೆ ಎತ್ತಿಡಿ.