ಹಂಗಾಮು ಮುಗೀತು, ಈಗ ಬಾಡಿಗೆ ಲೆಕ್ಕ ನೋಡಿ

"ರೈತಗ ಟ್ಯಾಕ್ಸ್ ಎಲ್ಲೈತಿ?" ಅಂತ ನಾನೂ ವರ್ಷಗಟ್ಟಲೆ ಹೇಳ್ಕೊಂಡು ಓಡಾಡಿದವನೇ. ಆ ಮಾತು ನಂಬಿ 37,000 ರೂಪಾಯಿ ಕಳಕೊಂಡು ಕೂತಿದ್ದೇನೆ.

ನಮ್ಮದು ಮುಧೋಳದ ಕಡೆ. 2024-25ರ ಹಂಗಾಮಿನಲ್ಲಿ ನಮ್ಮ ಕಬ್ಬು ಸಾಗಿಸಿದ ಮೇಲೆ ಬೇರೆಯವರ ಕಬ್ಬನ್ನೂ ನನ್ನ ಟ್ರ್ಯಾಕ್ಟರ್‌ನಲ್ಲೇ ಹೇರಿದೆ. ಬಾಡಿಗೆ 1,85,000 ಆಯ್ತು, ಖಾತೆಗೆ ಬಂದದ್ದು 1,48,000. ಉಳಿದದ್ದು ಯಾವುದೋ ಕಡಿತ ಇರಬೇಕು ಅಂತ ಸುಮ್ಮನಾದೆ. ಬಿಲ್ ಬಿಚ್ಚಿ ನೋಡಲೂ ಇಲ್ಲ, ತಪ್ಪು ನನ್ನದೇ.

ಆಗಿದ್ದು ಇಷ್ಟು. ನನ್ನ ಪ್ಯಾನ್ ಆಧಾರ್‌ಗೆ ಜೋಡಣೆ ಆಗಿರಲಿಲ್ಲ. ಅಂಥ ಪ್ಯಾನ್ ನಿಷ್ಕ್ರಿಯ. ಶೇ 1ರಷ್ಟು ಹಿಡಿಯಬೇಕಾದ ಟಿಡಿಎಸ್ ಶೇ 20 ಆಗುತ್ತೆ. ಹೊಲದಲ್ಲಿ ಬೆಳೆದದ್ದಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಊರವರ ಕಬ್ಬು ಹೇರಿದ ಬಾಡಿಗೆ ಕೃಷಿ ಆದಾಯ ಅಲ್ಲ, ಅದು ವ್ಯವಹಾರ. ಆ ವರ್ಷ ಹೊಸ ಪದ್ಧತಿಯಲ್ಲಿ ವಿನಾಯಿತಿ ಮಿತಿ 3 ಲಕ್ಷ. ಅಂದರೆ ಪ್ಯಾನ್ ಸರಿಮಾಡಿಸಿ ರಿಟರ್ನ್ ಹಾಕಿದ್ದರೆ ಅಷ್ಟೂ ದುಡ್ಡು ವಾಪಸ್. ತಡವಾಗಿ ಹಾಕಲಿಕ್ಕೂ 2025ರ ಡಿಸೆಂಬರ್ 31 ಕೊನೆ ದಿನ ಇತ್ತು. ನನಗೆ ಗೊತ್ತಾಗಿದ್ದು ಜನವರಿಯಲ್ಲಿ! ಆಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳೋ ಹಾಗಿಲ್ಲ. ತಡಕ್ಕೆ ಕಾರಣ ಬರೆದು ಇಲಾಖೆಗೆ ಅರ್ಜಿ ಕೊಡುವ ದಾರಿ ಒಂದಿದೆ, ಕೊಟ್ಟಿದ್ದೇನೆ.

ಅದಕ್ಕೇ ಹೇಳೋದು, ಕೆಲಸ ಇಲ್ಲದ ಈ ದಿನಗಳಲ್ಲಿ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ 26ಎಎಸ್ ತೆಗೆದು ನೋಡಿ. ನಿಮ್ಮ ಹೆಸರಲ್ಲಿ ಯಾರು ಎಷ್ಟು ಹಿಡಿದಿದ್ದಾರೆ ಅನ್ನೋದು ಅಲ್ಲಿರುತ್ತೆ. ರೋಟಾವೇಟರ್, ಥ್ರೆಷರ್ ಬಾಡಿಗೆಗೆ ಕೊಡುವವರು ಅಂದಾಜು ಲಾಭದ ಪದ್ಧತಿ ಹಿಡಿಯಬಹುದು. ಯುಪಿಐನಲ್ಲಿ ಬಂದ ಬಾಡಿಗೆಯ ಶೇ 6, ನಗದಾದರೆ ಶೇ 8 ಲಾಭ ಅಂತ ತೋರಿಸಿದರೆ ಸಾಕು.

ಲಾರಿ ಇಟ್ಟವರ ವಿಷಯದಲ್ಲಿ ಮಾತ್ರ ಈ ಪದ್ಧತಿ ನನಗೆ ಒಪ್ಪಿಗೆ ಇಲ್ಲ. 12 ಟನ್ ಒಳಗಿನ ಗಾಡಿಗೆ ತಿಂಗಳಿಗೆ 7,500 ಲಾಭ ಅಂತ ಲೆಕ್ಕ. ಗಾಡಿ ಓಡಿದ ತಿಂಗಳಲ್ಲ, ಗಾಡಿ ನಿಮ್ಮ ಹೆಸರಲ್ಲಿದ್ದ ತಿಂಗಳು! ನಾಲ್ಕೈದು ತಿಂಗಳು ಕಬ್ಬು ಹೇರಿ ಉಳಿದ ದಿನ ಶೆಡ್‌ನಲ್ಲಿ ನಿಂತ ಗಾಡಿಗೂ ವರ್ಷಕ್ಕೆ 90,000. ಹಂಗಾಮಿನ ಗಾಡಿಗೆ ಬೇರೆ ಲೆಕ್ಕ ಬೇಕು.

ನನ್ನ ಡ್ರೈವರ್ ಪಾಡು ಇನ್ನೊಂದು ಥರ. "ಅಣ್ಣಾ, ಸೀಜನ್ ಮುಗದ ಮ್ಯಾಲ ನಮಗೇನೈತಿ?" ಅಂದ. ಉದ್ಯೋಗ ಖಾತರಿಯಲ್ಲಿ ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಸಿಗಬೇಕು. ಅವನು ಹೋದ ವರ್ಷ ಬಾಯಿಮಾತಲ್ಲಿ ಕೇಳಿ ಬಂದಿದ್ದ, ಕೇಳಿದ್ದಕ್ಕೆ ಆಧಾರವೇ ಇಲ್ಲ. ಈ ಸಲ ನಾನೇ ಪಂಚಾಯ್ತಿಗೆ ಕರಕೊಂಡು ಹೋದೆ. ಅರ್ಜಿ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಇಸ್ಕೊಂಡು, ಅದರ ಫೋಟೋ ಇಬ್ಬರ ಫೋನಲ್ಲೂ ಇಟ್ಕೊಂಡಿದ್ದೇವೆ.